ನನಗೆ ನಿದ್ದೆ ವಾಪಸ್ ಕೊಡಿಸಿದವರಿಗೆ

ನಿದ್ದೆಯಲ್ಲಿ ಉಸಿರು ನಿಲ್ಲದ ಹಾಗೆ ಮಾಸ್ಕಿನ ಮೂಲಕ ಗಾಳಿ ಕೊಡುವ ಸಿಪ್ಯಾಪ್ ಮಶೀನ್ ಹಾಕಿಕೊಂಡು ಮಲಗಲು ಶುರು ಮಾಡಿ ಈ ವಾರಕ್ಕೆ ಒಂದು ವರ್ಷವಾಯಿತು. ಮಾಸ್ಕ್ ಹಾಕಿಕೊಳ್ಳುವವಳು ನಾನು. ಅದನ್ನು ನಾನು ಕಿತ್ತು ಮೂಲೆಗೆ ಎಸೆಯದ ಹಾಗೆ ನೋಡಿಕೊಂಡವರು ನನ್ನ ಜನ. ಅವರಿಗೆಲ್ಲ ಮನೆಯಲ್ಲೇ ಹೇಳಬಹುದಿತ್ತು. ಆದರೂ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ. ಯಾಕೆಂದರೆ ನಮ್ಮ ಕಡೆ ಹೆಣ್ಣುಮಕ್ಕಳು ಗೊರಕೆ ಬಗ್ಗೆ ಬಾಯಿ ಬಿಡುವುದಿಲ್ಲ. ಗಂಡಸು ಗೊರಕೆ ಹೊಡೆದರೆ ಪಾಪ, ದಣಿದಿದ್ದಾನೆ ಅನ್ನುತ್ತಾರೆ. ಹೆಂಗಸಿನ ಗೊರಕೆಯನ್ನು ಮನೆಮಂದಿಯೆಲ್ಲ ಸೇರಿ ಮುಚ್ಚಿಡುತ್ತಾರೆ.

ಮೊದಲು ನಮ್ಮ ಸೊಸೆಗೆ ಥ್ಯಾಂಕ್ಸ್. ನಾನು ಬಳ್ಳಾರಿಯಲ್ಲಿ ಹೈಸ್ಕೂಲ್ ಟೀಚರ್. ಬೆಳಗ್ಗೆ ಎದ್ದರೆ ತಲೆನೋವು. ಮಧ್ಯಾಹ್ನ ಪೇಪರ್ ತಿದ್ದುತ್ತಾ ಕೂತರೆ ಕಣ್ಣು ತಾನಾಗಿ ಮುಚ್ಚಿಹೋಗುತ್ತಿತ್ತು. ಎರಡು ಥರದ ಗುಳಿಗೆ ನುಂಗಿದರೂ ಬಿಪಿ ಇಳಿಯುತ್ತಿರಲಿಲ್ಲ. ಥೈರಾಯ್ಡ್ ನೋಡಿಸಿದೆವು, ರಕ್ತ ನೋಡಿಸಿದೆವು, ಎಲ್ಲ ಸರಿ ಇತ್ತು. ಮುಟ್ಟು ನಿಂತ ಮೇಲೆ ಹಿಂಗೇ ಇರುತ್ತೆ ಬಿಡು ಅಂತ ಎಲ್ಲರೂ ಅಂದರು. ಒಂದು ರಾತ್ರಿ ಸೊಸೆ ನನ್ನ ಪಕ್ಕದಲ್ಲಿ ಮಲಗಿದ್ದಳು. ಮೊಬೈಲಲ್ಲಿ ವಿಡಿಯೋ ಮಾಡಿಕೊಂಡು, ಬೆಳಗ್ಗೆ ಒಬ್ಬಳನ್ನೇ ಕರೆದು ತೋರಿಸಿದಳು. "ಅತ್ತೆ, ನಿಮ್ಮ ಗೊರಕೆಗೆ ನಾನು ಹೆದರಲಿಲ್ಲ. ನಡುನಡುವೆ ಅದು ನಿಲ್ತಿತ್ತಲ್ಲ, ಆಗ ಹೆದರಿದೆ" ಅಂದಳು. ಅತ್ತೆಗೆ ಈ ಮಾತು ಹೇಳಲು ಎಷ್ಟು ಧೈರ್ಯ ಬೇಕು ಅಂತ ಸೊಸೆಯಾಗಿ ಬಾಳಿದವರಿಗೆ ಗೊತ್ತು.

ಡಾಕ್ಟರು ಆ ವಿಡಿಯೋವನ್ನು ಪೂರ್ತಿ ನೋಡಿದರು. ಟೇಪ್ ಹಿಡಿದು ಕುತ್ತಿಗೆಯ ಸುತ್ತಳತೆ ತೆಗೆದುಕೊಂಡರು. ಎದೆಗೆ ಒಂದು ಬೆಲ್ಟ್, ಬೆರಳಿಗೆ ಕ್ಲಿಪ್, ಮೂಗಿನ ಕೆಳಗೆ ಸಣ್ಣ ನಳಿಕೆ ಕಟ್ಟಿಕೊಂಡು ರಾತ್ರಿಯಿಡೀ ಮಲಗುವ ಟೆಸ್ಟ್ ಆಯಿತು. ಗಂಟೆಗೆ 41 ಸಲ ನನ್ನ ಉಸಿರು ನಿಲ್ಲುತ್ತಿತ್ತು, ಇಲ್ಲವೇ ತೀರಾ ಕಡಿಮೆಯಾಗುತ್ತಿತ್ತು. 5ರ ಒಳಗಿದ್ದರೆ ಸರಿ, 30 ದಾಟಿದರೆ ತೀವ್ರ ಅಂತ ಲೆಕ್ಕ. ಕನಿಷ್ಠ 10 ಸೆಕೆಂಡ್ ಉಸಿರಾಟ ಹಾಗೆ ಆದರೆ ಮಾತ್ರ ಅದನ್ನು ಒಂದು ಸಲ ಅಂತ ಎಣಿಸುತ್ತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ. ನಮಗೆ ಎಚ್ಚರವಾದದ್ದೂ ನೆನಪಿರುವುದಿಲ್ಲ. ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈ ತೊಂದರೆ ಜಾಸ್ತಿಯಾಗುತ್ತದೆ ಅಂತ ಡಾಕ್ಟರು ಹೇಳಿದಾಗ, ಇಷ್ಟು ವರ್ಷ ಯಾರೂ ಈ ಮಾತು ಹೇಳಿರಲಿಲ್ಲವಲ್ಲ ಅನ್ನಿಸಿತು.

ಮಶೀನ್ ಮನೆಗೆ ಬಂದ ದಿನ ನಮ್ಮ ಅತ್ತೆ ಗಳಗಳ ಅತ್ತರು. ಅವರ ತಪ್ಪಲ್ಲ. ಕೊರೊನಾ ಕಾಲದಲ್ಲಿ ಮುಖಕ್ಕೆ ಮಾಸ್ಕ್, ಪೈಪು ಹಾಕಿಸಿಕೊಂಡವರಲ್ಲಿ ಎಷ್ಟು ಜನ ಮನೆಗೆ ವಾಪಸ್ ಬರಲಿಲ್ಲ ಅನ್ನುವುದನ್ನು ಅವರು ಕಂಡಿದ್ದಾರೆ. "ಆಕ್ಸಿಜನ್ ಹಚ್ಚಿದ್ದಾರಂತೆ" ಅಂತ ಓಣಿಯೆಲ್ಲ ಸುದ್ದಿಯಾಗಿ, ನೆಂಟರು ಬಾಳೆಹಣ್ಣು ಹಿಡಿದು ನೋಡಲು ಬಂದರು. ನಮ್ಮ ಮನೆಯವರು ಬೇಸರಪಡದೆ ಒಬ್ಬೊಬ್ಬರಿಗೂ ಕೂರಿಸಿ ಹೇಳಿದರು. ಇದು ಆಕ್ಸಿಜನ್ ಅಲ್ಲ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡ ಕೊಟ್ಟು ಒಳಗೆ ಕಳಿಸುತ್ತದೆ, ಆ ಒತ್ತಡಕ್ಕೆ ಗಂಟಲು ಮುಚ್ಚಿಕೊಳ್ಳುವುದಿಲ್ಲ, ಅಷ್ಟೇ. ಅತ್ತೆಗೆ ಅರ್ಥವಾದ ಮೇಲೆ ಅವರೇ ನನ್ನ ಕಾವಲು. ಈಗಲೂ ಮಲಗುವ ಮುಂಚೆ "ಮಾಸ್ಕ್ ಹಾಕ್ಕೊಂಡ್ಯಾ ಇಲ್ಲೇನವ್ವಾ?" ಅಂತ ಒಳಗಿನಿಂದ ಕೇಳುತ್ತಾರೆ.

ಶುರುವಿನ ವಾರಗಳು ಕಷ್ಟದವು. ಮುಖ ಕಟ್ಟಿಹಾಕಿದ ಹಾಗೆ, ಎದೆ ಡವಡವ. ಬಾಯಿ ಒಣಗಿ ಎಚ್ಚರವಾಗುತ್ತಿತ್ತು. ಹೊಟ್ಟೆಯಲ್ಲಿ ಗಾಳಿ ತುಂಬಿಕೊಳ್ಳುತ್ತಿತ್ತು. ಆಗ ಕೈ ಹಿಡಿದವನು ಮಶೀನ್ ಜೋಡಿಸಲು ಬಂದ ಹುಡುಗ. ನನ್ನ ಮಗನಿಗಿಂತ ಚಿಕ್ಕವನು. "ಮೇಡಂ, ರಾತ್ರಿ ಬೇಡ. ಹಗಲು ಟಿವಿ ನೋಡ್ತಾ ಬರೀ ಮಾಸ್ಕ್ ಹಾಕ್ಕೊಂಡು ಕೂತ್ಕೊಳ್ಳಿ, ಮಶೀನ್ ಆಮೇಲೆ" ಅಂದ. ಮೊದಲು ಮಾಸ್ಕ್, ಆಮೇಲೆ ಗಾಳಿ, ಆಮೇಲೆ ಮಧ್ಯಾಹ್ನದ ಸಣ್ಣ ನಿದ್ದೆ. ಗಾಳಿಯ ಒತ್ತಡ ಕಡಿಮೆ ಮಟ್ಟವಾದ 4ರಿಂದ ಶುರುವಾಗಿ ಮೆಲ್ಲಗೆ ಏರುವ ಹಾಗೆ ಇಟ್ಟುಕೊಟ್ಟ. ಬಾಯಿ ತೆರೆದುಕೊಳ್ಳುತ್ತದೆ ಅಂತ ಮೂಗಿನ ಮಾಸ್ಕ್ ತೆಗೆದು ಮೂಗು, ಬಾಯಿ ಎರಡೂ ಮುಚ್ಚುವುದನ್ನು ಕೊಟ್ಟ. ಕರೆಂಟ್ ಹೋದರೆ ಉಸಿರು ಕಟ್ಟುತ್ತಾ ಅಂತ ನನಗೆ ದೊಡ್ಡ ಭಯ. ಮಾಸ್ಕಿನಲ್ಲಿರುವ ಸಣ್ಣ ವಾಲ್ವ್ ತೋರಿಸಿ, ಗಾಳಿ ನಿಂತರೆ ಇದು ತೆರೆದುಕೊಂಡು ಹೊರಗಿನ ಗಾಳಿ ಬಿಡುತ್ತದೆ ಅಂತ ಮಶೀನ್ ಆಫ್ ಮಾಡಿ ನನ್ನ ಮುಖದ ಮೇಲೇ ತೋರಿಸಿದ. ಇಂಥವರಿಗೆ ಯಾರೂ ಹಾರ ಹಾಕುವುದಿಲ್ಲ. ನಾನು ಎರಡೂ ಕೈ ಎತ್ತಿ ಮುಗಿಯುತ್ತೇನೆ.

ಎದುರು ಮನೆಯ ಅಕ್ಕ ಜೀನ್ಸ್ ಹೊಲಿಯುವವರು. ಬಳ್ಳಾರಿ ಜೀನ್ಸ್ ಅಂದರೆ ದೂರದೂರಿನವರಿಗೂ ಗೊತ್ತು, ಅದರ ಹಿಂದಿರುವ ಇಂಥ ಕೈಗಳು ಯಾರಿಗೂ ಗೊತ್ತಿಲ್ಲ. ನನ್ನ ಕೆನ್ನೆ ಮೇಲೆ ಪಟ್ಟಿಯ ಕೆಂಪು ಗುರುತು ಕಂಡು ಕೇಳಿದರು. ಮಾಸ್ಕ್ ಸರಿಯಾಗಿ ಕೂರಲಿ ಅಂತ ಬಿಗಿಯಾಗಿ ಎಳೆದು ಕಟ್ಟಿದರೆ ಗಾಳಿ ಇನ್ನೂ ಸೋರುತ್ತದೆ, ಚರ್ಮವೂ ಕೆಡುತ್ತದೆ. ಅಕ್ಕ ಹಳೇ ಕಾಟನ್ ಸೀರೆಯ ಮೆತ್ತನೆ ಬಟ್ಟೆಯಲ್ಲಿ ಪಟ್ಟಿಗೆ ಕವರ್ ಹೊಲಿದುಕೊಟ್ಟರು. ನಮ್ಮೂರಿನ ಏಪ್ರಿಲ್, ಮೇ ಗೊತ್ತಲ್ವಾ? 40 ಡಿಗ್ರಿ ದಾಟುವ ಸೆಕೆಯಲ್ಲಿ ಬೆವರು ಹೀರಿಕೊಂಡದ್ದು ಆ ಬಟ್ಟೆಯೇ. ದುಡ್ಡು ಕೊಡಲು ಹೋದರೆ ಬೈದು ಕಳಿಸಿದರು.

ಮಶೀನನ್ನು ಮೊದಲು ಬಾಡಿಗೆಗೆ ತಂದಿದ್ದೆವು. ಒಗ್ಗಿತು ಅಂತಾದ ಮೇಲೆ ಕೊಂಡುಕೊಳ್ಳಬೇಕು, ಬೆಲೆ ಸಣ್ಣದಲ್ಲ. ಸಿರುಗುಪ್ಪದ ನಮ್ಮಣ್ಣ ಭತ್ತದ ದುಡ್ಡು ಕೈಗೆ ಬಂದ ಕೂಡಲೇ ಬಸ್ ಹತ್ತಿ ಬಂದು ಕೊಟ್ಟುಹೋದ. ನಮ್ಮ ಮನೆಯವರು ಮಶೀನಿಗೆ ಇನ್ವರ್ಟರ್ ಲೈನ್ ಎಳೆಸಿದರು. ಗಾಳಿಗೆ ತೇವ ಕೊಡಲು ಮಶೀನಿನಲ್ಲಿರುವ ನೀರಿನ ಡಬ್ಬಿಗೆ ಬೋರಿನ ನೀರು ಹಾಕಿದರೆ ಬಿಳಿ ಉಪ್ಪು ಕಟ್ಟುತ್ತದೆ, ಅದಕ್ಕೇ ಮೆಡಿಕಲ್ ಶಾಪಿನಿಂದ ಡಿಸ್ಟಿಲ್ಡ್ ವಾಟರ್ ತರುವುದು ಅವರ ಕೆಲಸ. ಅದಿರಿನ ಲಾರಿ ಓಡಾಡುವ ಊರು ನಮ್ಮದು, ಫಿಲ್ಟರ್ ಬೇಗ ಕೆಂಪಾಗುತ್ತದೆ. ಅದನ್ನು ನೋಡಿ ಬದಲಿಸುವವರೂ ಅವರೇ.

ನಾನು ಕಾಣದ ಒಬ್ಬರಿಗೂ ಥ್ಯಾಂಕ್ಸ್ ಹೇಳಬೇಕು. ಆಸ್ಟ್ರೇಲಿಯಾದ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್. ಹೀಗೆ ಮೂಗಿನ ಮೂಲಕ ಗಾಳಿ ಕೊಟ್ಟರೆ ಗಂಟಲು ತೆರೆದೇ ಇರುತ್ತದೆ ಅಂತ ಅವರೂ ಅವರ ಜೊತೆಗಾರರೂ 1981ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ ತೀವ್ರವಾಗಿದ್ದವರಿಗೆ ಕುತ್ತಿಗೆಯಲ್ಲಿ ತೂತು ಕೊರೆದು ಉಸಿರಾಡಿಸುವ ಆಪರೇಷನ್ ಮಾಡುತ್ತಿದ್ದರಂತೆ. ಓದಿದಾಗ ಕೈ ತಾನಾಗಿ ಕುತ್ತಿಗೆಗೆ ಹೋಯಿತು.

ಕಳೆದ ತಿಂಗಳು ಡಾಕ್ಟರು ಮಶೀನಿನ ಲೆಕ್ಕ ತೆಗೆದು ನೋಡಿದರು. ಗಂಟೆಗೆ 41 ಸಲ ಇದ್ದದ್ದು 3ಕ್ಕೆ ಬಂದಿದೆ. ಬಿಪಿ ಗುಳಿಗೆ ಒಂದನ್ನು ಅವರೇ ನಿಲ್ಲಿಸಿದರು. ಮಧ್ಯಾಹ್ನದ ಕ್ಲಾಸಿನಲ್ಲಿ ಈಗ ನಿಂತೇ ಪಾಠ ಮಾಡುತ್ತೇನೆ. ನಾನು ಸುಸ್ತಾದ ದಿನಗಳಲ್ಲಿ ನನ್ನ ಪಿರಿಯಡ್ ತೆಗೆದುಕೊಂಡ ಸಹೋದ್ಯೋಗಿಗಳೇ, ನಿಮ್ಮ ಋಣ ಇದೆ.

ನನ್ನನ್ನು ಬಲ್ಲ ಅಕ್ಕತಂಗಿಯರಲ್ಲಿ ಯಾರಿಗಾದರೂ ಈ ಮಶೀನ್ ಹೊಸದಾಗಿ ಬಂದಿದ್ದು, ಹಾಕಿಕೊಳ್ಳಲು ಆಗುತ್ತಿಲ್ಲ ಅಂದರೆ ಭಾನುವಾರ ಮನೆಗೆ ಬನ್ನಿ. ಮಾಸ್ಕ್ ಜೊತೆಗೆ ತನ್ನಿ, ಹೇಗೆ ಕೂರಿಸುವುದು ಅಂತ ನೋಡೋಣ. ಪಟ್ಟಿಯ ಕವರ್ ಎದುರು ಮನೆ ಅಕ್ಕ ಹೊಲಿದುಕೊಡುತ್ತಾರೆ, ಅವರನ್ನು ಕೇಳಿಯೇ ಬರೆದಿದ್ದೇನೆ. ಹಳೇ ಕಾಟನ್ ಸೀರೆ ಮಾತ್ರ ನೀವೇ ತರಬೇಕಂತೆ.