ಅಮ್ಮಾ, ಕೋಲು ಎಡಗೈಯಲ್ಲಿರಲಿ

ಪ್ರೆಸ್ಟನ್, ಇಂಗ್ಲೆಂಡ್

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ಅಣ್ಣ ಕಳಿಸಿದ ಎಕ್ಸ್‌ರೇ ನೋಡಿದೆ. ಬಲಗಡೆ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಗುಂಡು ತಲೆಗೂ ಅದು ಕೂರುವ ಬಟ್ಟಲಿಗೂ ನಡುವಿನ ಸಂದು ಕಿರಿದಾಗಿದೆ, ಅಂಚಿನಲ್ಲಿ ಮೂಳೆ ಸ್ವಲ್ಪ ಬೆಳೆದಿದೆ. ಡಾಕ್ಟರು ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲು ಸವೆತ, ಅಂದದ್ದು ಸರಿ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅಡಿಕೆ ಕೊಯ್ಲು ಶುರುವಾಗುವ ಮೊದಲೇ ಇದನ್ನು ಓದಿಕೊ, ಅಣ್ಣ ಅತ್ತಿಗೆಗೂ ಓದಿಸು.

ಮೊದಲು ಮಂಡಿಯ ವಿಷಯ. ಇಷ್ಟು ದಿನ ಬಲಮಂಡಿಗೆ ಎಣ್ಣೆ ತಿಕ್ಕುತ್ತಾ ಬಂದಿದ್ದೀಯ, ಆದರೆ ನೋವಿನ ಮೂಲ ಅಲ್ಲಿಲ್ಲ. ಸೊಂಟದ ಕೀಲಿನ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ, ತೊಡೆಯ ಮುಂಭಾಗದಲ್ಲಿ ಕಾಣಿಸುತ್ತದೆ; ಎರಡೂ ಕೀಲುಗಳಿಗೆ ಹೋಗುವ ನರಗಳು ಒಂದೇ ಆದ್ದರಿಂದ ಕೆಲವರಿಗೆ ಮಂಡಿಯಲ್ಲಿ ಮಾತ್ರ ನೋಯುತ್ತದೆ. ಕುರ್ಚಿಯಲ್ಲಿ ಕೂತು, ತೊಡೆ ಅಲುಗಿಸದೆ ಪಾದವನ್ನು ಹೊರಗಡೆಗೆ ಸರಿಸಿ ನೋಡು. ಎಡಗಾಲಿನಷ್ಟು ಬಾರದೆ ತೊಡೆಸಂದಿನಲ್ಲಿ ಹಿಡಿದರೆ ಅದು ಸೊಂಟದ ಕೀಲಿನದೇ. ಕಾಲಿನ ಉಗುರು ತೆಗೆಯಲು, ಚಕ್ಕಂಬಕ್ಕಳ ಹಾಕಲು ಕಷ್ಟವಾಗಿರುವುದೂ ಆ ಕೀಲು ಮಡಚುವುದು, ತಿರುಗುವುದು ಕಡಿಮೆಯಾದದ್ದರಿಂದ. ಕುಂಡೆಯಿಂದ ಮಂಡಿಯ ಕೆಳಗಿನವರೆಗೂ ಜುಮುಜುಮು ಇಳಿದರೆ ಮಾತ್ರ ಬೆನ್ನಿನ ನರದ ಕಡೆ ನೋಡಬೇಕಾಗುತ್ತದೆ.

"ಮೂಳೆ ಸವೆದಿದೆ, ಇನ್ನು ಓಡಾಡಬೇಡಿ" ಅಂತ ಹೇಳುವವರ ಮಾತು ದಯವಿಟ್ಟು ಕೇಳಬೇಡ. ಮೂಳೆಯ ತುದಿಗೆ ಹೊದಿಸಿದಂತಿರುವ ಕಾರ್ಟಿಲೇಜ್ ತೆಳ್ಳಗಾಗಿರುವುದು ನಿಜ. ಆದರೆ ಅದಕ್ಕೆ ರಕ್ತನಾಳ ಇಲ್ಲ. ಭಾರ ಬಿದ್ದು ಬಿಟ್ಟು ಆಗುವಾಗ ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಆಹಾರ ಸಿಗುವುದು. ನಡೆಯದೆ ಕೂತರೆ ಕೀಲು ಬಿಗಿಯುತ್ತದೆ, ಸುತ್ತಲಿನ ಸ್ನಾಯು ಸೊರಗುತ್ತದೆ, ಆಮೇಲೆ ನಾಲ್ಕು ಹೆಜ್ಜೆಗೂ ನೋವು. ಎಕ್ಸ್‌ರೇ ಎಷ್ಟು ಕೆಟ್ಟಿದೆ ಅನ್ನುವುದಕ್ಕೂ ನೋವು ಎಷ್ಟಿದೆ ಅನ್ನುವುದಕ್ಕೂ ತಾಳೆಯಾಗಲೇಬೇಕೆಂದಿಲ್ಲ. ಹಾಗಾಗಿ ಚಿತ್ರ ನೋಡಿ ಹೆದರಬೇಡ.

ಪಕ್ಕದ ಮನೆಯವರು ಹಂದಿಗೋಡು ಕಾಯಿಲೆ ಇರಬಹುದಾ ಅಂದರಂತೆ. ಅಲ್ಲ. ನಮ್ಮ ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಆ ಕಾಯಿಲೆಯಲ್ಲೂ ಸೊಂಟದ ಕೀಲೇ ಕೆಡುವುದು, ಆದರೆ ಅದು ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವಂಥದು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆ ಮನೆಗಳವರನ್ನು ದೂರ ಇಡುವುದು ಅನ್ಯಾಯ ಅಂತ ಅವರಿಗೂ ಹೇಳು.

ಇನ್ನು ಕೋಲು. ನೋವು ಬಲಗಡೆ ಇರುವುದರಿಂದ ನೀನು ಬಲಗೈಯಲ್ಲೇ ಹಿಡಿಯುತ್ತೀಯ, ಎಲ್ಲರೂ ಹಾಗೇ ಮಾಡುವುದು. ಅದು ಎಡಗೈಯಲ್ಲಿರಬೇಕು. ನಡೆಯುವಾಗ ಎಡಗಾಲು ನೆಲ ಬಿಟ್ಟ ಕ್ಷಣ ಇಡೀ ಮೈ ಎಡಕ್ಕೆ ವಾಲಲು ನೋಡುತ್ತದೆ. ಬಲಗಡೆ ಪಕ್ಕದ ಸ್ನಾಯು ಅದನ್ನು ಎಳೆದು ಹಿಡಿಯುತ್ತದೆ. ಒಂದು ಕಡೆ ದಂಡ ಗಿಡ್ಡವಾದ ತಕ್ಕಡಿಯಲ್ಲಿ ಆ ಕಡೆಗೆ ಹೆಚ್ಚು ಕಲ್ಲು ಹಾಕಬೇಕಾಗುವ ಹಾಗೆ, ಆ ಸ್ನಾಯು ಮೈತೂಕಕ್ಕಿಂತ ಜಾಸ್ತಿ ಎಳೆಯಬೇಕು. ಮೈಭಾರ, ಸ್ನಾಯುವಿನ ಎಳೆತ ಎರಡೂ ಸೇರಿ ಸುಮ್ಮನೆ ನಡೆಯುವಾಗಲೂ ಕೀಲಿನ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಬೀಳುತ್ತದೆ. 60 ಕೆಜಿಗೆ 150 ಕೆಜಿ ಆಯಿತು. ಎಡಗೈಯಲ್ಲಿ ಕೋಲು ಸ್ವಲ್ಪ ಊರಿದರೂ ಆ ಎಳೆತ ಬಹಳ ಇಳಿಯುತ್ತದೆ. ಎರಡು ಕೆಜಿ ತೂಕ ಇಳಿಸಿದರೂ ಕೀಲಿಗೆ ಅದರ ಎರಡರಷ್ಟಕ್ಕಿಂತ ಹೆಚ್ಚು ಹಗುರವಾಗುವುದು ಇದೇ ಲೆಕ್ಕದಿಂದ.

ಚಪ್ಪಲಿ ಹಾಕಿ, ಕೈ ಜೋತುಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆ ಎಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ಕೋಲಿನ ಹಿಡಿ ಬರಬೇಕು. ಅಪ್ಪನ ಹಳೇ ಬೆತ್ತ ನಿನಗೆ ಉದ್ದ, ಕೊಯ್ಸು. ತುದಿಗೆ ರಬ್ಬರ್ ಬುಡ ಹಾಕಿಸು, ನಮ್ಮ ಮಳೆಯಲ್ಲಿ ಅಂಗಳ ಜಾರುತ್ತದೆ. ಕೋಲೂ ಬಲಗಾಲೂ ಒಟ್ಟಿಗೆ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಕೋಲು ಮತ್ತು ಬಲಗಾಲು ಮೊದಲು. ಕೋಲಿಲ್ಲದೆ ಚೀಲ, ಕೊಡಪಾನ ತರಬೇಕಾದರೆ ನೋವಿರುವ ಬಲಗಡೆಯೇ ಹಿಡಿ. ಎಡಗಡೆ ಹಿಡಿದರೆ ಬಲಸ್ನಾಯು ಇನ್ನೂ ಎಳೆಯಬೇಕಾಗುತ್ತದೆ.

ಕೆಳಗೆ ಕೂರುವುದನ್ನು ಮಾತ್ರ ಕಡಿಮೆ ಮಾಡು. ಕೂತಾಗ ಮಂಡಿ ಸೊಂಟಕ್ಕಿಂತ ಸ್ವಲ್ಪ ತಗ್ಗಿರಬೇಕು. ತರಕಾರಿಗೆ ಮೆಟ್ಟುಗತ್ತಿ ಬೇಡ, ಮೇಜು ಚಾಕು ಸಾಕು. ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಎತ್ತರದ ಮಣೆಗೆ ಭದ್ರವಾಗಿ ಹಾಕಿಸಲು ಅಣ್ಣ ಆಚಾರಿಗೆ ಹೇಳಲಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡು. ಪಾಯಿಖಾನೆಗೆ ಕಮೋಡ್ ಕುರ್ಚಿ ತರಿಸಿ, ಗೋಡೆಗೆ ಒಂದು ಹಿಡಿಕೆ ಬಿಗಿಸಿ.

ವ್ಯಾಯಾಮವೇ ಇದಕ್ಕೆ ಮುಖ್ಯ ಔಷಧಿ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ಪ್ರತಿಯೊಂದನ್ನೂ ಹತ್ತು ಸಲದಂತೆ ಎರಡು ಸುತ್ತು ಮಾಡು. ಮಂಚದ ಮೇಲೆ ಅಂಗಾತ ಮಲಗಿ ಮಂಡಿ ಮಡಚಿ, ಸೊಂಟ ಮೇಲೆತ್ತಿ ಐದು ಎಣಿಸಿ ಇಳಿಸು. ಎಡಗಡೆಗೆ ಮಲಗಿ ಬಲಗಾಲನ್ನು ನೇರವಾಗಿ ಒಂದಡಿಯಷ್ಟು ಎತ್ತು. ಇಲ್ಲಿ ಆಗುವ ತಪ್ಪೆಂದರೆ ಕಾಲು ಮುಂದಕ್ಕೆ ಬರುವುದು, ಆಗ ಕೆಲಸ ತೊಡೆಯ ಮುಂದಿನ ಸ್ನಾಯುವಿಗೆ ಹೋಗಿ ಪಕ್ಕದ್ದು ಹಾಗೇ ಉಳಿಯುತ್ತದೆ. ಹಿಮ್ಮಡಿ ಹಿಂದಿದ್ದು, ಬೆರಳು ಮುಂದೆ ನೋಡುತ್ತಿರಲಿ, ಮೇಲ್ಮುಖ ಆಗುವುದು ಬೇಡ. ಮೂರನೆಯದು, ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನ ಕೂರುವುದು. ಎಡಗಾಲಿನ ಮೇಲೇ ಭಾರ ಹಾಕಿ ಏಳಬೇಡ. ಇವಲ್ಲದೆ ದಿನವೂ ಐದರಿಂದ ಹತ್ತು ನಿಮಿಷ ಬೋರಲು ಮಲಗಬೇಕು, ಇಲ್ಲದಿದ್ದರೆ ಕೀಲಿನ ಮುಂಭಾಗ ಮೊಟಕಾಗಿ ಬಗ್ಗಿ ನಡೆಯುವುದು ಅಭ್ಯಾಸವಾಗುತ್ತದೆ, ಆಮೇಲೆ ಬೆನ್ನೂ ಹಿಡಿಯುತ್ತದೆ.

ಮಾಡುವಾಗ ನೋಯುತ್ತದೆ. ಹತ್ತರಲ್ಲಿ ಐದರವರೆಗಿನ ನೋವು, ಮರುದಿನಕ್ಕೆ ಮೊದಲಿನ ಮಟ್ಟಕ್ಕೆ ಇಳಿದರೆ, ಪರವಾಗಿಲ್ಲ. ಇಳಿಯದಿದ್ದರೆ ಸಂಖ್ಯೆ ಅರ್ಧ ಮಾಡು, ಬಿಡಬೇಡ. ಎರಡು ವಾರಕ್ಕೆ ಗುಣ ಕಾಣಲಿಲ್ಲವೆಂದು ನಿಲ್ಲಿಸುವವರೇ ಹೆಚ್ಚು, ಆದರೆ ಸ್ನಾಯು ಗಟ್ಟಿಯಾಗಲು ಎಂಟರಿಂದ ಹನ್ನೆರಡು ವಾರ ಬೇಕು. ನಡಿಗೆಯೂ ಹಾಗೆಯೇ. ಒಂದೇ ಸಲ ಒಂದು ಗಂಟೆ ತೋಟ ಸುತ್ತುವ ಬದಲು ಹತ್ತು ಹತ್ತು ನಿಮಿಷ ಮೂರು ಸಲ, ಸಮ ನೆಲದಲ್ಲಿ.

ಮಾತ್ರೆಯ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ನೋವು ತಗ್ಗಿಸುತ್ತವೆ, ಆದರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಬಿಪಿ ಏರಿಸುತ್ತವೆ. ನಿನ್ನ ಬಿಪಿ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಔಷಧಿಯೂ ಇದೆ. ನೋವಿನ ಮಾತ್ರೆ ಇವೆರಡರ ಜೊತೆ ಸೇರಿದರೆ, ಅದರಲ್ಲೂ ವಾಂತಿಭೇದಿಯಾಗಿ ನೀರು ಕಮ್ಮಿಯಾದಾಗ, ಕಿಡ್ನಿಗೆ ಪೆಟ್ಟು. ಮೆಡಿಕಲ್ ಶಾಪಿನವರು ಕೊಟ್ಟರೆಂದು ತಗೊಳ್ಳಬೇಡ, ಬಿಪಿ ಚೀಟಿ ತೋರಿಸಿ ಡಾಕ್ಟರನ್ನೇ ಕೇಳು. ಈ ಕೀಲು ಆಳದಲ್ಲಿರುವುದರಿಂದ ಮೇಲೆ ಹಚ್ಚುವ ಮುಲಾಮು ಅಲ್ಲಿಗೆ ಮುಟ್ಟುವುದು ಅಷ್ಟಕ್ಕಷ್ಟೇ. ಗ್ಲುಕೋಸಮೈನ್‌ಗೆ ದುಡ್ಡು ಹಾಕಬೇಡಿ. ಇಂಗ್ಲೆಂಡಿನ 2022ರ ಚಿಕಿತ್ಸಾ ಮಾರ್ಗಸೂಚಿ ಅದನ್ನು ಕೊಡಬೇಡಿ ಎಂದೇ ಹೇಳುತ್ತದೆ. ಲೇಬಲ್ ಇಲ್ಲದ ನೋವಿನ ಪುಡಿಯಂತೂ ಬೇಡವೇ ಬೇಡ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ, ಬಹುಕಾಲ ಸ್ಟೀರಾಯ್ಡ್ ತಿಂದರೆ ತೊಡೆಮೂಳೆಯ ಗುಂಡು ತಲೆಗೆ ರಕ್ತ ನಿಂತು ಅದು ಕುಸಿಯಬಹುದು.

ಕೀಲು ಬದಲಿಸುವ ಆಪರೇಷನ್ ಈಗ ಬೇಡ. ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ನಿದ್ದೆ ಕೆಡುವಷ್ಟು ನೋವು, ಮನೆಯೊಳಗೇ ಓಡಾಡಲು ಆಗದ ಸ್ಥಿತಿ ಬಂದರೆ ಮಾತ್ರ ಯೋಚಿಸೋಣ, ಆಗ ಹೆದರಿ ಮುಂದೂಡುವುದೂ ಬೇಡ. ಇಲ್ಲಿಗೆ ಹತ್ತಿರದ ರೈಟಿಂಗ್ಟನ್ ಆಸ್ಪತ್ರೆಯಲ್ಲೇ ಸರ್ಜನ್ ಜಾನ್ ಚಾರ್ನ್‌ಲಿ 1962ರಲ್ಲಿ ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲಿನ ಕೀಲು ಕೂರಿಸಿ ಇದಕ್ಕೊಂದು ದಾರಿ ಮಾಡಿದ್ದು. ಹೀಗೆ ಹಾಕಿದ ಕೀಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು 25 ವರ್ಷ ಬಾಳುತ್ತವೆ. ಆ ಹೊತ್ತು ಬಂದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಅಣ್ಣ ಮೊದಲೇ ವಿಚಾರಿಸಲಿ.

ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಜ್ವರದ ಜೊತೆ ಕೀಲು ನೋವು ಬಂದರೆ, ಮಲಗಿದರೂ ಬಿಡದ ನೋವಿನ ಜೊತೆ ತೂಕ ಇಳಿಯುತ್ತಿದ್ದರೆ ನನ್ನ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ನೀನು ಕುರ್ಚಿಯಿಂದ ಎದ್ದು ಅಂಗಳದ ತುದಿವರೆಗೆ ನಡೆದು ಬರುವುದನ್ನು, ಒಮ್ಮೆ ಮುಂದಿನಿಂದ ಒಮ್ಮೆ ಪಕ್ಕದಿಂದ, ಅಣ್ಣ ವಿಡಿಯೋ ಮಾಡಿ ಕಳಿಸಲಿ. ಸೀರೆ ಸ್ವಲ್ಪ ಎತ್ತಿ ಕಟ್ಟಿಕೊ, ಪಾದ ಕಾಣಬೇಕು.

ನಿನ್ನ ಮಗಳು