ಡಾರ್ಬಿಯ ಊರು ಯಾವುದು?

ಆತ್ಮೀಯ ಓದುಗರೇ,

ಇಲ್ಲಿ ಕೆನಡಾದಲ್ಲಿ ನಡೆದ ನಮ್ಮ ಸಂಘದ ಕಳೆದ ರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದಿದ್ದ ನಮ್ಮ ನೆರೆಮನೆಯ ಹಿರಿಯ ಮಹಿಳೆಯೊಬ್ಬರು ಕಾರ್ಯಕ್ರಮದ ಪಟ್ಟಿಯಲ್ಲಿದ್ದ ಹೆಸರುಗಳನ್ನು ತೋರಿಸಿ, ಅವುಗಳ ಮುಂದಿನ ಇನಿಷಿಯಲ್‌ಗಳ ಅರ್ಥವೇನೆಂದು ಕೇಳಿದರು. ಹಳೆ ಮೈಸೂರು ಕಡೆಯವರಲ್ಲಿ ಸಾಮಾನ್ಯವಾಗಿ ಮೊದಲನೆಯದು ಊರಿನದು, ಎರಡನೆಯದು ತಂದೆಯದು ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಪೂರ್ವಜನ ಹೆಸರಿನ ಮುಂದೆಯೂ ಇಂಥದೊಂದು ಅಕ್ಷರವಿದ್ದಿದ್ದರೆ ತಮ್ಮ ಎಷ್ಟೋ ವರ್ಷಗಳ ಹುಡುಕಾಟ ತಪ್ಪುತ್ತಿತ್ತು ಎಂದರು. ಅಂದಿನಿಂದ ಆ ಹುಡುಕಾಟದಲ್ಲಿ ನಾನೂ ಜೊತೆಯಾದೆ.

ಅವರ ಪೂರ್ವಜ 1825ರಲ್ಲಿ ಐರ್ಲೆಂಡಿನ ಕಾರ್ಕ್ ಕಡೆಯಿಂದ ಈಗಿನ ಒಂಟಾರಿಯೊಗೆ ಬಂದವನು. ಆ ವರ್ಷ ಬ್ರಿಟಿಷ್ ಸರ್ಕಾರವೇ ಪ್ರಯಾಣದ ಖರ್ಚು ಹೊತ್ತು, ಪೀಟರ್ ರಾಬಿನ್ಸನ್ ಎಂಬವರ ಮೇಲ್ವಿಚಾರಣೆಯಲ್ಲಿ 2,024 ಬಡ ಐರಿಷ್ ಜನರನ್ನು ಒಂಬತ್ತು ಹಡಗುಗಳಲ್ಲಿ ಇಲ್ಲಿಗೆ ಕಳುಹಿಸಿತ್ತು. ಕ್ವಿಬೆಕ್‌ನಲ್ಲಿ ಇಳಿದವರು ಮಾಂಟ್ರಿಯಲ್, ಕಿಂಗ್‌ಸ್ಟನ್, ಕೋಬರ್ಗ್ ದಾಟಿ, ರೈಸ್ ಲೇಕ್ ಮತ್ತು ಓಟೊನಬಿ ನದಿಯ ಮೂಲಕ ದಟ್ಟ ಕಾಡಿನ ನಡುವಿನ ಒಂದು ಜಾಗಕ್ಕೆ ಬಂದು ಸೇರಿದರು. ಆ ಜಾಗವೇ ಮುಂದೆ ರಾಬಿನ್ಸನ್‌ರ ಹೆಸರಿನಿಂದ ಪೀಟರ್‌ಬರೊ ಆಯಿತು. ಕುಟುಂಬಕ್ಕೆ 100 ಎಕರೆ ಭೂಮಿ, ಮರದ ದಿಮ್ಮಿಗಳ ಗುಡಿಸಲು ಮತ್ತು ಕೆಲವು ಕಾಲದ ಪಡಿತರ ಸಿಕ್ಕಿತಾದರೂ, ಮೊದಲ ವರ್ಷದಲ್ಲೇ ಚಳಿಜ್ವರಕ್ಕೆ ಹಲವರು ಬಲಿಯಾದರು.

ಹಡಗಿನ ಪಟ್ಟಿಗಳು ಉಳಿದಿವೆ. ಅದರಲ್ಲಿ ನಮ್ಮ ನೆರೆಯವರ ಪೂರ್ವಜನ ಹೆಸರು ಡಾರ್ಬಿ. ಜಮೀನಿನ ಪತ್ರದಲ್ಲಿ ಮಾತ್ರ ಜೆರೆಮಾಯ. ಇಬ್ಬರೂ ಬೇರೆ ಬೇರೆ ಎಂದುಕೊಂಡು ಅವರು ಬಹುಕಾಲ ಕಳೆದಿದ್ದರಂತೆ. ವಾಸ್ತವದಲ್ಲಿ ಮನೆಯವರು ಐರಿಷ್ ಭಾಷೆಯಲ್ಲಿ ಡಿಯರ್ಮಿಡ್ ಎಂದು ಕರೆಯುತ್ತಿದ್ದ ಒಬ್ಬನೇ ಮನುಷ್ಯನನ್ನು ಒಬ್ಬ ಗುಮಾಸ್ತ ಡಾರ್ಬಿ ಎಂದೂ ಇನ್ನೊಬ್ಬ ಜೆರೆಮಾಯ ಎಂದೂ ಬರೆದುಕೊಳ್ಳುವುದು ಆ ಸೀಮೆಯಲ್ಲಿ ಸರ್ವೇಸಾಮಾನ್ಯವಾಗಿತ್ತು. ತನ್ನ ಹೆಸರನ್ನು ತಾನೇ ಬರೆಯಲು ಬಾರದವನು ಬರೆಯುವವನ ಕಿವಿಯನ್ನೇ ನಂಬಬೇಕಾಗಿತ್ತು.

ಸಮುದ್ರದ ಆಚೆಗಿನ ದಾರಿ ಇನ್ನೂ ಕಷ್ಟದ್ದು. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಆವರಣದಲ್ಲಿದ್ದ ದಾಖಲೆಗಳ ಭಂಡಾರ ಸುಟ್ಟುಹೋಯಿತು. 1821ರ ಜನಗಣತಿಯಲ್ಲಿ ಡಾರ್ಬಿಯ ಮನೆ ದಾಖಲಾಗಿದ್ದಿರಬಹುದು; ಅದರ ಬಹುಭಾಗ ಆ ದಿನ ಬೂದಿಯಾಯಿತು. ಕ್ಯಾಥೊಲಿಕ್ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳು ಆಯಾ ಪ್ಯಾರಿಷ್‌ಗಳಲ್ಲೇ, ಎಂದರೆ ಒಬ್ಬ ಪಾದ್ರಿಯ ವ್ಯಾಪ್ತಿಗೆ ಸೇರಿದ ಸೀಮೆಗಳಲ್ಲೇ, ಇದ್ದುದರಿಂದ ಬದುಕಿಕೊಂಡವು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು 2015ರಿಂದ ಅವುಗಳ ಪುಟಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಲು ಕೊಟ್ಟಿದೆ. ಆದರೆ ಪುಸ್ತಕ ತೆರೆಯುವ ಮೊದಲು ಯಾವ ಪ್ಯಾರಿಷ್ ಎಂಬುದು ಗೊತ್ತಿರಬೇಕು. ಕಾರ್ಕ್‌ನಲ್ಲಿ ಆ ಹೆಸರಿನವರು ಊರೂರಿಗೂ ಇದ್ದರು.

ಉತ್ತರ ಸಿಕ್ಕಿದ್ದು ಡಾರ್ಬಿಯ ಹೆಂಡತಿಯ ಸಮಾಧಿಯ ಕಲ್ಲಿನಲ್ಲಿ. ಅಮೃತಶಿಲೆ ಮಳೆ ಹಿಮಗಳಿಗೆ ಸವೆದು, ಹಗಲಿನಲ್ಲಿ ಒಂದಕ್ಷರವೂ ಕಾಣುತ್ತಿರಲಿಲ್ಲ. ಅಕ್ಟೋಬರ್ ತಿಂಗಳ ಒಂದು ಸಂಜೆ, ಕತ್ತಲಾದ ಮೇಲೆ, ನಾನು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಬೆಳಕನ್ನು ಓರೆಯಾಗಿ ಬಿಟ್ಟೆ. ಅಕ್ಷರದ ತಗ್ಗುಗಳಲ್ಲಿ ನೆರಳು ತುಂಬಿಕೊಂಡು ಕೌಂಟಿ ಕಾರ್ಕ್ ಎಂಬ ಸಾಲೂ, ಅದರ ಮೇಲೆ ಪ್ಯಾರಿಷ್‌ನ ಹೆಸರೂ ಎದ್ದುಬಂದವು. ನಮ್ಮ ನೆರೆಯವರು ಮೊಣಕಾಲೂರಿ ಕುಳಿತು ಆ ಹೆಸರನ್ನು ಬೆರಳಿನಿಂದ ಎರಡು ಸಲ ಸವರಿದರು. ಆ ಪ್ಯಾರಿಷ್‌ನ ಪುಸ್ತಕದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಡಾರ್ಬಿಯ ಇಬ್ಬರು ಮಕ್ಕಳ ನಮೂದು ಸಿಕ್ಕಿತು. ವಯಸ್ಸು ಹಡಗಿನ ಪಟ್ಟಿಗೆ ತಾಳೆಯಾಯಿತು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರಿಡುವ ಪದ್ಧತಿ ಐರಿಷ್ ಜನರಲ್ಲೂ ಇತ್ತು, ನಮ್ಮಲ್ಲಿರುವ ಹಾಗೆಯೇ. ಹೀಗಾಗಿ ಡಾರ್ಬಿಯ ತಂದೆಯ ಹೆಸರನ್ನೂ ಊಹಿಸಲು ಸಾಧ್ಯವಾಯಿತು. ನಮೂದಿನ ಕೊನೆಯಲ್ಲಿ ಪಾದ್ರಿ ಟೌನ್‌ಲ್ಯಾಂಡಿನ, ಎಂದರೆ ಅಲ್ಲಿನ ಅತಿ ಚಿಕ್ಕ ಭೂವಿಭಾಗದ, ಹೆಸರನ್ನೂ ಬರೆದಿದ್ದರು. ಐರ್ಲೆಂಡಿನಲ್ಲಿ ಇಂಥ ಟೌನ್‌ಲ್ಯಾಂಡ್‌ಗಳು ಅರವತ್ತು ಸಾವಿರಕ್ಕೂ ಹೆಚ್ಚು. ಅದು ಗೊತ್ತಾದರೆ ಮನೆ ಗೊತ್ತಾದಂತೆ.

ನಮ್ಮ ಹೆಸರುಗಳು ಈ ಗುರುತನ್ನು ತಾವೇ ಹೊತ್ತು ತಿರುಗುತ್ತಿದ್ದವು. ಉತ್ತರ ಕರ್ನಾಟಕದ ಎಷ್ಟೋ ಅಡ್ಡಹೆಸರುಗಳು ಊರಿನ ಹೆಸರುಗಳೇ ಆಗಿವೆ. ಇಲ್ಲಿಗೆ ಬಂದ ಮೇಲೆ ಅರ್ಜಿಗಳ ಕೊನೆಯ ಹೆಸರಿನ ಜಾಗಕ್ಕೆ ತಂದೆಯ ಹೆಸರನ್ನು ತುಂಬಿ ಊರಿನ ಅಕ್ಷರವನ್ನು ನಾವೇ ಕೈಬಿಟ್ಟಿದ್ದೇವೆ. ನನ್ನ ಮಕ್ಕಳ ಪಾಸ್‌ಪೋರ್ಟಿನಲ್ಲೂ ಅದು ಇಲ್ಲ, ಮತ್ತು ಅದಕ್ಕಾಗಿ ನನಗೆ ನಿಜವಾಗಿಯೂ ನೋವಿದೆ.

ಆದ್ದರಿಂದ ಈ ಸಂಚಿಕೆಯೊಂದಿಗೆ ಕಳುಹಿಸಿರುವ ಸದಸ್ಯತ್ವ ನವೀಕರಣದ ಅರ್ಜಿಯಲ್ಲಿ ಮೂಲ ಊರು, ಹೋಬಳಿ, ತಾಲ್ಲೂಕು ಎಂಬ ಮೂರು ಹೊಸ ಕಾಲಂಗಳನ್ನು ಸೇರಿಸಲಾಗಿದೆ. ಗಂಡ ಹೆಂಡತಿ ಇಬ್ಬರ ಊರುಗಳನ್ನೂ, ಸಾಧ್ಯವಾದರೆ ಊರಿನಲ್ಲಿರುವ ಹಿರಿಯರಿಗೆ ಫೋನು ಮಾಡಿ ಕೇಳಿ ತಿಳಿದುಕೊಂಡು, ಕನ್ನಡ ಅಕ್ಷರಗಳಲ್ಲಿಯೇ ಬರೆಯಬೇಕೆಂದು ಕೋರುತ್ತೇನೆ. ಇಂಗ್ಲಿಷಿನಲ್ಲಿ ಬರೆದರೆ ಲ ಯಾವುದು, ಳ ಯಾವುದು ಎಂಬುದು ಮುಂದೆ ಓದುವವರಿಗೆ ತಿಳಿಯುವುದಿಲ್ಲ.

— ಸಂಪಾದಕ