ಒಂದೇ ಟಿಕೆಟ್‌ಗೆ ಎರಡು ಸಿನಿಮಾ ಅಂದ್ರಿ, ಎರಡನೇದಕ್ಕೆ ಗೇಟಲ್ಲೇ ನಿಲ್ಲಿಸಿದ್ರಿ

ಕಸ್ಟಮರ್ ಕೇರ್‌ನವರಿಗೆ ನಮಸ್ಕಾರ,

ಎರಡು ಪಾರ್ಟ್ ಸಿನಿಮಾನ ಒಂದರ ಹಿಂದೆ ಒಂದು ತೋರಿಸ್ತೀವಿ, ಒಂದೇ ಟಿಕೆಟ್ ಸಾಕು ಅಂತ ಆಪಲ್ಲಿ ದೊಡ್ಡದಾಗಿ ಹಾಕಿದ್ರಲ್ಲ, ಹೋದ ಭಾನುವಾರ ನಿಮ್ಮ ಬೆಂಗಳೂರಿನ ಮಲ್ಟಿಪ್ಲೆಕ್ಸಲ್ಲಿ ಆ ಶೋಗೆ ನಾನೂ ನಮ್ಮಪ್ಪನೂ ಬಂದಿದ್ವಿ. ತಲಾ 590 ರೂಪಾಯಿ, ಮೇಲೆ ಕನ್ವೀನಿಯೆನ್ಸ್ ಫೀ ಬೇರೆ. ಯಾರಿಗೆ ಕನ್ವೀನಿಯೆನ್ಸೋ ಆ ದೇವರಿಗೇ ಗೊತ್ತು.

ಫಸ್ಟ್ ಪಾರ್ಟ್ ಚೆನ್ನಾಗೇ ನಡೀತು. ಮುಗಿದ ತಕ್ಷಣ ಹಾಲ್ ಗುಡಿಸ್ಬೇಕು, ಎಲ್ಲರೂ ಆಚೆ ಹೋಗಿ, ಅರ್ಧ ಗಂಟೆ ಬಿಟ್ಟು ಬನ್ನಿ ಅಂದಿದ್ದು ನಿಮ್ಮ ಹುಡುಗರೇ. ಅಪ್ಪನಿಗೆ ಶುಗರ್ ಇದೆ, ಬಾತ್‌ರೂಮ್ ಇರೋದು ಟಿಕೆಟ್ ಚೆಕ್ ಮಾಡೋ ಗೇಟಿಂದ ಆಚೆ, ಹೋಗ್ಲೇಬೇಕು ಹೋದ್ವಿ, ಹಾಗೇ ಒಂದು ಪಾಪ್‌ಕಾರ್ನ್ ಎರಡು ಕಾಫಿ ತಗೊಂಡು ವಾಪಸ್ ಬಂದ್ರೆ ಗೇಟಲ್ಲಿದ್ದ ಹುಡುಗ ಕ್ಯೂಆರ್ ಸ್ಕ್ಯಾನ್ ಮಾಡ್ದ, ಮೆಷಿನ್ ಕೆಂಪಗೆ ಮಿಣುಕ್ತು. 'ಸರ್ ಇದು ಆಲ್ರೆಡಿ ಯೂಸ್ ಆಗಿದೆ' ಅಂದ. ಆಗಿದೆ ಕಣಪ್ಪಾ, ಯೂಸ್ ಮಾಡಿದ್ದು ನಾನೇ!

ಮ್ಯಾನೇಜರ್ ಬರೋಕೆ ಇಪ್ಪತ್ತು ನಿಮಿಷ. ಅಷ್ಟೊತ್ತೂ ಕಾಫಿ ಹಿಡ್ಕೊಂಡು ನಿಂತಿದ್ವಿ, ಹಿಂದಿನ ಲೈನಲ್ಲಿ ಇದ್ದೋರು ನೋಡಿದ ನೋಟ ನೋಡ್ಬೇಕಿತ್ತು. ನಿಜ ಹೇಳ್ತೀನಿ, ನಾನೇನೂ ಸಾಚಾ ಅಲ್ಲ, ಕಾಲೇಜಲ್ಲಿದ್ದಾಗ ಒಂದು ಸಿನಿಮಾ ಮುಗಿಸಿ ಪಕ್ಕದ ಸ್ಕ್ರೀನಿಗೆ ನುಸುಳಿದ್ದುಂಟು, ಆವಾಗ ಒಬ್ಬನೂ ಕೇಳ್ಲಿಲ್ಲ. ಈಗ ಪೂರ್ತಿ ದುಡ್ಡು ಕೊಟ್ಟು ಕಳ್ಳನ ಥರ ನಿಂತೆ.

ಕೊನೆಗೂ ಒಳಗೆ ಬಿಟ್ರು, ನೋಡಿದ್ರೆ ನಮ್ಮ ಎಫ್ 11, 12ರಲ್ಲಿ ಬೇರೆ ಯಾರೋ ಕೂತಿದ್ದಾರೆ. ಸೆಕೆಂಡ್ ಪಾರ್ಟ್‌ನ ನಿಮ್ಮ ಕೌಂಟರಲ್ಲಿ ಬೇರೆ ಶೋ ಅಂತ ಮಾರಿದ್ದಾರೆ! ಅವರದ್ದೂ ಅಸಲಿ ಟಿಕೆಟ್ಟೇ, ಎಬ್ಬಿಸೋಕಾಗುತ್ತಾ? ನಮ್ಮನ್ನ ಸ್ಕ್ರೀನ್ ಮುಂದಿನ ಮೊದಲನೇ ಸಾಲಿಗೆ ತಳ್ಳಿದ್ರು. ಮೆಜೆಸ್ಟಿಕ್ ಥಿಯೇಟರುಗಳಲ್ಲಿ ಗಾಂಧಿ ಕ್ಲಾಸಲ್ಲೇ ಸಿನಿಮಾ ನೋಡಿ ಬೆಳೆದೋರು ನಮ್ಮಪ್ಪ, ಕತ್ತು ಮೇಲೆತ್ತಿ ಕೂತ್ಕೊಂಡು 'ಆವಾಗ ಗೇಟ್‌ಕೀಪರ್ ಅರ್ಧ ಹರಿದು ಕೊಡೋನಲ್ಲ ಚೀಟಿ, ಅದನ್ನ ತೋರಿಸಿದ್ರೆ ಇಂಟರ್ವಲ್ ಆದ್ಮೇಲೆ ತಿರ್ಗಾ ಬಿಡೋನು ಕಣೋ' ಅಂದ್ರು. ನಿಮ್ಮ ಮೆಷಿನ್‌ಗೆ ಅಷ್ಟೂ ಬರಲ್ವಾ? ಆಚೆ ಹೋಗೋರ ಕೈಗೆ ಒಂದು ಸೀಲ್ ಒತ್ತಿದ್ರೆ ಮುಗೀತಿತ್ತು.

ಹುಡುಗನ ಮೇಲೆ ಕ್ರಮ ತಗೋಬೇಡಿ, ಪಾಪ ಮೆಷಿನ್ ಹೇಳಿದ್ದನ್ನ ಹೇಳ್ದ. ನನಗೆ ಬೇಕಾಗಿರೋದು ಎರಡು ಟಿಕೆಟ್ಟಿನ ಅರ್ಧ ದುಡ್ಡು 590, ಜೊತೆಗೆ ಪೂರ್ತಿ ಕನ್ವೀನಿಯೆನ್ಸ್ ಫೀ. ವೋಚರ್ ಕೂಪನ್ ಅಂತ ಕಳಿಸ್ಬೇಡಿ, ದುಡ್ಡೇ ವಾಪಸ್ ಹಾಕಿ. ಹದಿನೈದು ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣೀಲಿ ಕಂಪ್ಲೇಂಟ್ ಕೊಡ್ತೀನಿ. ಟಿಕೆಟ್ ಸ್ಕ್ರೀನ್‌ಶಾಟ್ ಜೊತೆ ಪಾಪ್‌ಕಾರ್ನ್ ಬಿಲ್ಲೂ ಹಾಕಿದ್ದೀನಿ, ಅದರಲ್ಲಿ ಟೈಮಿದೆ ನೋಡಿ, ಎರಡು ಸಿನಿಮಾ ನಡುವಿನ ಬ್ರೇಕಲ್ಲಿ ನಾವು ನಿಮ್ಮ ಕೌಂಟರ್ ಮುಂದೇನೇ ಇದ್ವಿ.

ಇಂತಿ,
ಎಫ್ 11, 12ರಲ್ಲಿ ಕೂರಬೇಕಿದ್ದವರು